ಬಾಲ್ಯದಲ್ಲಿ ಹೃದಯದ ಆಪರೇಷನ್ ಆದವರು ದೊಡ್ಡವರಾದ ಮೇಲೆ

ಪ್ರಶ್ನೆ, ತೀರ್ಥಹಳ್ಳಿಯಿಂದ:
ನನ್ನ ತಮ್ಮನಿಗೆ ನಾಲ್ಕನೆಯ ವಯಸ್ಸಿನಲ್ಲಿ ಟೆಟ್ರಾಲಜಿ ಆಫ್ ಫ್ಯಾಲೋ ಎಂಬ ಹುಟ್ಟು ದೋಷಕ್ಕೆ ಆಪರೇಷನ್ ಆಗಿತ್ತು. ಈಗ ಅವನಿಗೆ 27 ವರ್ಷ. ತೊಂದರೆ ಏನೂ ಇಲ್ಲವೆಂದು ಬಹಳ ವರ್ಷಗಳಿಂದ ತಪಾಸಣೆಯನ್ನೇ ಮಾಡಿಸಿಲ್ಲ. ಮದುವೆಯ ಮಾತುಕತೆ ನಡೆಯುತ್ತಿದೆ. ಮತ್ತೆ ತೋರಿಸಬೇಕೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ, ಹೊಸನಗರದಿಂದ:
ಖಂಡಿತ ತೋರಿಸಿ. ನನಗೂ ಇದೇ ದೋಷವಿತ್ತು. ಆರನೆಯ ವಯಸ್ಸಿನಲ್ಲಿ ಆಪರೇಷನ್ ಆದ ಮೇಲೆ ‘ಇನ್ನು ಗುಣವಾಯಿತು’ ಎಂದೇ ಮನೆಯವರೆಲ್ಲ ನಂಬಿದ್ದರು. ಈ ಆಪರೇಷನ್ನಿನಲ್ಲಿ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ರಂಧ್ರವನ್ನು ಮುಚ್ಚಿ, ಶ್ವಾಸಕೋಶಕ್ಕೆ ರಕ್ತ ಹೋಗುವ ಇಕ್ಕಟ್ಟಿನ ದಾರಿಯನ್ನು ಅಗಲ ಮಾಡುತ್ತಾರೆ. ಹಾಗೆ ಅಗಲ ಮಾಡಿದ ಮೇಲೆ ಅಲ್ಲಿನ ಕವಾಟ ಎಷ್ಟೋ ಜನರಲ್ಲಿ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ರಕ್ತ ಹಿಂದಕ್ಕೆ ಸೋರುತ್ತ, ಬಲಗಡೆಯ ಕೋಣೆ ವರ್ಷಗಟ್ಟಲೆ ಸದ್ದಿಲ್ಲದೆ ಹಿಗ್ಗುತ್ತ ಹೋಗುತ್ತದೆ. ದೇಹ ಅದಕ್ಕೆ ಹೊಂದಿಕೊಂಡುಬಿಡುವುದರಿಂದ ‘ಏನೂ ತೊಂದರೆಯಿಲ್ಲ’ ಎಂಬ ಮಾತನ್ನು ನಾನೀಗ ನಂಬುವುದಿಲ್ಲ. ತೋಟದಿಂದ ಮನೆಗೆ ದರೆ ಹತ್ತುವಾಗ ನಾನು ಎರಡು ಕಡೆ ನಿಲ್ಲತೊಡಗಿದ್ದೆ. ಅದನ್ನು ಮೊದಲು ಗಮನಿಸಿದವಳು ನನ್ನ ಹೆಂಡತಿ. ಆಮೇಲೆ ಒಂದು ಕೊನೆ ಕೊಯ್ಲಿನ ದಿನ ಎದೆ ಜೋರಾಗಿ ಹೊಡೆದುಕೊಂಡು ಕಣ್ಣು ಕತ್ತಲೆ ಬಂತು. ಹೃದಯದ ಬಡಿತದ ಲಯ ತಪ್ಪುವುದು ಈ ಆಪರೇಷನ್ ಆದವರಲ್ಲಿ ನಿರ್ಲಕ್ಷಿಸಬಾರದ ಲಕ್ಷಣ.

ಶಿವಮೊಗ್ಗದಲ್ಲಿ ಇಸಿಜಿ, ಎಕೋ ಆದವು. ಬಲಕೋಣೆ ಎಷ್ಟು ಹಿಗ್ಗಿದೆ ಎಂಬ ನಿಖರ ಅಳತೆ ಹೃದಯದ ಎಂಆರ್‌ಐಯಲ್ಲಿ ಸಿಗುತ್ತದೆಂದು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಕವಾಟ ಬದಲಿಸಿದರು. ಹುಟ್ಟು ದೋಷವಿರುವ ವಯಸ್ಕರನ್ನೇ ನೋಡುವ ತಜ್ಞರನ್ನು ಕೇಳಿಕೊಂಡು ಹೋಗಿ. ಹಳೆಯ ಡಿಸ್ಚಾರ್ಜ್ ಕಾಗದವನ್ನು ಹುಡುಕಿ ಜೊತೆಗೆ ಒಯ್ಯಿರಿ. ನನ್ನ ಅಮ್ಮ ಅದನ್ನು ಪಹಣಿಗಳ ಜೊತೆ ಟ್ರಂಕಿನಲ್ಲಿ ಇಟ್ಟಿದ್ದರಿಂದಲೇ ಯಾವ ಬಗೆಯ ತೇಪೆ ಹಾಕಿದ್ದರೆಂದು ವೈದ್ಯರಿಗೆ ತಿಳಿಯಿತು.

ಉತ್ತರ, ಸಾಗರದಿಂದ:
ಮದುವೆಯ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ನನ್ನ ಯಜಮಾನರಿಗೂ ಇದೇ ದೋಷಕ್ಕೆ ಆಪರೇಷನ್ ಆಗಿದೆ. ನಮಗೆ ಇಬ್ಬರು ಮಕ್ಕಳು. ಈ ದೋಷವಿರುವ ಕೆಲವರಲ್ಲಿ 22ನೆಯ ಕ್ರೋಮೋಸೋಮಿನ ಒಂದು ಚೂರು ಇರುವುದಿಲ್ಲ. ಹಾಗಿದ್ದರೆ ಅದು ಪ್ರತಿ ಮಗುವಿಗೂ ದಾಟುವ ಸಂಭವ ಶೇ. 50. ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ನಮ್ಮವರಲ್ಲಿ ಅದು ಇರಲಿಲ್ಲ. ಆದರೂ ಎರಡು ಬಸಿರಿನಲ್ಲೂ ಐದನೆಯ ತಿಂಗಳಲ್ಲಿ ಮಗುವಿನ ಹೃದಯದ ಎಕೋ ಮಾಡಿಸಿದೆವು. ಹೆಣ್ಣಿನ ಮನೆಯವರಿಗೆ ಮೊದಲೇ ಎಲ್ಲವನ್ನೂ ಹೇಳಿ. ನನಗೆ ನಿಶ್ಚಿತಾರ್ಥಕ್ಕೆ ಮುಂಚೆಯೇ ಅವರು ಎದೆಯ ಗಾಯದ ಗುರುತಿನ ಕಥೆಯನ್ನು ತಾವಾಗಿ ಹೇಳಿದ್ದರು.