ದರಪಟ್ಟಿ ಕಾಗದಕ್ಕೆ ಯಾವ ಪದ: ಅಗ್ಗದ ಲ್ಯಾಪ್‌ಟಾಪೋ, ಸೋವಿ ಲ್ಯಾಪ್‌ಟಾಪೋ?

ಎಲ್ಲರಿಗೂ ನಮಸ್ಕಾರ.

ಮಂಡ್ಯದಲ್ಲಿ ಒಬ್ಬ ಆಡಿಟರ್ ಹತ್ತಿರ ನನ್ನ ಕೆಲಸ. ಪುಟ್ಟ ಕಚೇರಿ. ಐದು ಕಂಪ್ಯೂಟರ್, ಒಂದು ಪ್ರಿಂಟರ್, ಎಲ್ಲವನ್ನೂ ಒಂದಕ್ಕೊಂದು ಜೋಡಿಸಲು ಲ್ಯಾನ್ ವೈರ್ ಎಳೆದಿದ್ದೇವೆ. ಆರನೆಯದಾಗಿ ಒಂದು ಲ್ಯಾಪ್‌ಟಾಪ್ ತಗೊಳ್ಳಬೇಕಿತ್ತು. ಜಾಸ್ತಿ ದುಡ್ಡು ಹಾಕುವ ಹಾಗಿರಲಿಲ್ಲ. ನಮ್ಮಲ್ಲಿ ಕಾಗದ ಪತ್ರ ಆದಷ್ಟೂ ಕನ್ನಡದಲ್ಲೇ ನಡೆಯುತ್ತದೆ. ಹಾಗಾಗಿ ದರಪಟ್ಟಿ ಕೇಳಿ ಮೂರು ಅಂಗಡಿಗೆ ನಾನೇ ಬರೆದೆ: "ನಮ್ಮ ಕಚೇರಿ ಜಾಲಕ್ಕೆ ಒಂದು ಅಗ್ಗದ ಲ್ಯಾಪ್‌ಟಾಪ್ ಬೇಕಾಗಿದೆ. ದರ ತಿಳಿಸಿ."

ಒಂದು ಅಂಗಡಿಯಿಂದ ಬಂದ ಪಟ್ಟಿಯಲ್ಲಿ 4 ಜಿಬಿ ರ್ಯಾಮ್, 64 ಜಿಬಿ ಸ್ಟೋರೇಜ್ ಇತ್ತು. ವಿಂಡೋಸ್ 11 ನಡೆಯಲು ಕನಿಷ್ಠ ಇಷ್ಟಿರಬೇಕು ಎಂದು ಮೈಕ್ರೋಸಾಫ್ಟ್ ಹೇಳುವುದೇ ಅಷ್ಟು. ಅದರ ಮೇಲೆ ನಮ್ಮ ಲೆಕ್ಕದ ಕೆಲಸ ಎಲ್ಲಿ ಕೂರಬೇಕು? ಅಂಗಡಿಗೆ ಹೋಗಿ ನೋಡಿದೆ. ತೆಳ್ಳಗೆ ಚೆನ್ನಾಗಿಯೇ ಇತ್ತು. ಎರಡೂ ಅಂಚು ತಿರುಗಿಸಿ ನೋಡಿದರೂ ಲ್ಯಾನ್ ಪೋರ್ಟ್ ಕಾಣಲಿಲ್ಲ. ಟೆಲಿಫೋನ್ ವೈರಿನ ತೂತಿಗಿಂತ ಸ್ವಲ್ಪ ಅಗಲ ಇರುತ್ತದಲ್ಲ, ಒಳಗೆ ಎಂಟು ಸಣ್ಣ ತಂತಿ ಸಾಲಾಗಿ ಕಾಣುತ್ತವೆ, ಅದು. ಕೇಳಿದರೆ, "ನೀವೇ ಅಗ್ಗದ್ದು ಅಂತ ಬರೆದಿದ್ರಲ್ಲ ಮೇಡಂ, ಅದಕ್ಕೇ ಇದನ್ನ ಹಾಕಿದ್ದು" ಅಂದರು. ಆಡಿಟರ್ ಸರ್ ಕೂಡ ಕಾಗದ ನೋಡಿ ಅದನ್ನೇ ಹೇಳಿದರು: "ಅಗ್ಗದ್ದು ಅಂದ್ರೆ ಕಳಪೆ ಅಂತಲೇ ತಿಳ್ಕೋತಾರೆ ಕಣಮ್ಮ."

ಅವತ್ತಿಂದ ಈ ಪದ ತಲೆಯಲ್ಲಿ ಕೂತಿದೆ. ಅಗ್ಗಕ್ಕೆ ಈ ಗತಿ ಯಾಕೆ ಬಂತು? ಸಂಸ್ಕೃತದ ಅರ್ಘ ಅಂದರೆ ಬೆಲೆ. ಅದರ ತದ್ಭವವೇ ಅಗ್ಗ. ಹಿಂದಿಯ ಮೆಹೆಂಗಾದ ಮೂಲ ಮಹಾರ್ಘದಲ್ಲೂ ಇರುವುದು ಇದೇ ಅರ್ಘ. ಒಂದೇ ಬೇರು, ಅಲ್ಲಿ ದುಬಾರಿಯಾಯಿತು, ನಮ್ಮಲ್ಲಿ ಕಡಿಮೆ ಬೆಲೆಯಾಯಿತು. ಬರೀ ಬೆಲೆಗೆ ಇದ್ದ ಪದದಲ್ಲಿ ಬೈಗುಳ ಏನೂ ಇರಲಿಲ್ಲ.

ಈಗಲೂ ಎಲ್ಲ ಕಡೆ ಬೈಗುಳ ಇಲ್ಲ ಅನ್ನುವುದು ನನ್ನ ಅನಿಸಿಕೆ. "ಈ ಸೀರೆ ಅಗ್ಗಕ್ಕೆ ಸಿಕ್ತು" ಅಂದರೆ ಕೊಂಡವಳ ಜಾಣತನಕ್ಕೆ ಮೆಚ್ಚುಗೆ. ಸೀರೆಗೆ ಏನೂ ಆಗಲಿಲ್ಲ. "ಅಗ್ಗದ ಸೀರೆ" ಅನ್ನಿ, ಸೀರೆಯ ಮಾನವೇ ಹೋಯಿತು. ಅಂಗಡಿ ಬೋರ್ಡಿನಲ್ಲಿ "ಅಗ್ಗದ ದರದಲ್ಲಿ" ಎಂದು ಧಾರಾಳವಾಗಿ ಬರೆಯುತ್ತಾರೆ. "ಅಗ್ಗದ ಮಾಲು ಸಿಗುತ್ತದೆ" ಎಂದು ಯಾವ ಅಂಗಡಿಯವರೂ ಬರೆಸುವುದಿಲ್ಲ. ಅಂದರೆ ಅಗ್ಗದ ಅನ್ನುವುದು ದರ, ಬೆಲೆಯ ಪಕ್ಕ ನಿಂತರೆ ಒಳ್ಳೆಯದು, ವಸ್ತುವಿನ ಪಕ್ಕ ನಿಂತರೆ ಕೀಳು. ಅಗ್ಗದ ಪ್ರಚಾರ, ಅಗ್ಗದ ಮಾತು ಅನ್ನುವಲ್ಲಿ ಬೆಲೆಯ ಸುದ್ದಿಯೇ ಇಲ್ಲ, ಬರೀ ಕೀಳುತನ ಉಳಿದಿದೆ. ನಾನು ಲ್ಯಾಪ್‌ಟಾಪ್ ಪಕ್ಕ ತಂದು ನಿಲ್ಲಿಸಿದ್ದೇ ತಪ್ಪಾಯಿತು.

ಆಮೇಲೆ ನೆನಪಾಗಿದ್ದು ಸೋವಿ. ಅದಕ್ಕೂ ಕಡಿಮೆ ಬೆಲೆ ಅಂತಲೇ ಅರ್ಥ. ನಮ್ಮಮ್ಮನ ಬಾಯಲ್ಲಿ ದಿನಾ ಓಡಾಡುವ ಪದ. ಅವರೆಕಾಯಿ ಕಾಲದಲ್ಲಿ ಚೀಲ ಕೆಳಗಿಟ್ಟು, ಒಂದು ಕಾಯಿ ಮುರಿದು ನನ್ನ ಮೂಗಿಗೆ ಹಿಡಿದು, "ನೋಡು, ಸೊಗಡು ಹೆಂಗೈತೆ, ಇಷ್ಟು ಸೋವಿಗೆ ಸಿಕ್ತು" ಅನ್ನುತ್ತಾರೆ. ಸೋವಿಯಾದದ್ದು, ಸೊಗಡೂ ಇರುವಂಥದ್ದು! ಸೋವಿ ಪ್ರಚಾರ, ಸೋವಿ ಮಾತು ಅಂತ ಯಾರೂ ಅನ್ನುವುದನ್ನು ನಾನು ಕೇಳಿಲ್ಲ. ಕೀಳರ್ಥ ಇದಕ್ಕೆ ಇನ್ನೂ ಅಂಟಿಲ್ಲ. ನನಗಂತೂ ಇದೇ ಚೆಂದ. ಆದರೆ ನಮ್ಮ ಕಚೇರಿಗೆ ಹೊಸದಾಗಿ ಬಂದ ಹುಡುಗನಿಗೆ "ಸೋವಿ ಲ್ಯಾಪ್‌ಟಾಪ್" ಎಂದು ಬರೆದು ತೋರಿಸಿದರೆ, "ಅಕ್ಕ, ಇದು ಹೊಸ ಕಂಪನಿನಾ?" ಅಂತ ಕೇಳಿದ. ನಿಜವಾಗಿಯೂ ಬೇಜಾರಾಯಿತು. ಮಂಡ್ಯ ತಾಲ್ಲೂಕಿನವನೇ ಅವನು.

ಕೈಗೆಟುಕುವ ಬೆಲೆ ಜಾಹೀರಾತಿನ ಮಾತು. ಯಾರ ಕೈಗೆ ಅನ್ನುವುದೇ ಗೊತ್ತಾಗುವುದಿಲ್ಲ.

ಇನ್ನು ಜಾಲ. ನೆಟ್‌ವರ್ಕ್ ಎಂದು ಬರೆಯಲಿಲ್ಲ, ಯಾಕೆಂದರೆ ಇಲ್ಲಿ "ನೆಟ್‌ವರ್ಕ್ ಇಲ್ಲ" ಅಂದರೆ ಮೊಬೈಲಿಗೆ ಸಿಗ್ನಲ್ ಇಲ್ಲ ಅಂತಲೇ. ಆದರೆ "ಕಚೇರಿ ಜಾಲ" ಎಂದು ಓದಿದ ಕೂಡಲೇ ಪೇಪರಿನ "ವಂಚನೆ ಜಾಲ ಪತ್ತೆ" ನೆನಪಾಗುತ್ತದೆ, ಅಲ್ವಾ? ಇಲ್ಲೂ ಪಕ್ಕದ ಪದದ್ದೇ ಆಟ. ನಮ್ಮ ವಿಶ್ವೇಶ್ವರಯ್ಯ ನಾಲೆಯನ್ನು ಹೇಳುವಾಗ "ನಾಲೆಗಳ ಜಾಲ" ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಏನೇನು ಕೂಡಿ ಜಾಲವಾಯಿತು ಎಂದು ಆ "ಗಳ" ಹೇಳಿಬಿಡುತ್ತದೆ. "ಕಂಪ್ಯೂಟರ್‌ಗಳ ಜಾಲ" ಎಂದಿದ್ದರೆ ಸರಿಹೋಗುತ್ತಿತ್ತೇನೋ.

ಕೊನೆಗೆ ಕಾಗದ ಹೀಗೆ ತಿದ್ದಿದೆ: "ನಮ್ಮ ಕಚೇರಿಯ ಐದು ಕಂಪ್ಯೂಟರ್‌ಗಳನ್ನು ಲ್ಯಾನ್ ವೈರಿನಿಂದ ಜೋಡಿಸಿದ್ದೇವೆ. ಅವುಗಳ ಜೊತೆ ಸೇರಿಸಲು ಕಡಿಮೆ ಬೆಲೆಯ ಒಂದು ಲ್ಯಾಪ್‌ಟಾಪ್ ಬೇಕು. 8 ಜಿಬಿ ರ್ಯಾಮ್, 256 ಜಿಬಿ ಎಸ್‌ಎಸ್‌ಡಿ ಇರಬೇಕು. ಲ್ಯಾನ್ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿಗೆ ಹಾಕುವ ಲ್ಯಾನ್ ಅಡಾಪ್ಟರ್ ಸೇರಿಸಿ, 18% ಜಿಎಸ್‌ಟಿ ಸಮೇತ ದರ ತಿಳಿಸಿ." ಬೇಕಾದ ಪಟ್ಟಿಯೇ ಬಂತು. ಆದರೆ "ಕಡಿಮೆ ಬೆಲೆಯ" ಅನ್ನುವುದು ಸಪ್ಪೆ. ಒಂದೇ ಪದದಲ್ಲಿ ಆಗುವ ಕೆಲಸಕ್ಕೆ ಎರಡು ಬೇಕಾಯಿತು.

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಕಡೆ ಸೋವಿ ಇನ್ನೂ ಬಳಕೆಯಲ್ಲಿದೆಯೇ? ಸಣ್ಣ ವಯಸ್ಸಿನವರೂ ಹೇಳುತ್ತಾರೆಯೇ? "ಸೋವಿಗೆ ಸಿಕ್ತು" ಸರಿ, "ಸೋವಿಯ ಲ್ಯಾಪ್‌ಟಾಪ್" ಅಂದಾಗ ನಿಮ್ಮ ಕಿವಿಗೆ ವಸ್ತು ಕೀಳಾಗಿ ಕೇಳುತ್ತದೆಯೇ? ಮಂಗಳೂರಿನ ಕಡೆಯವರು ಬೆಲೆಗೆ ಕ್ರಯ ಅನ್ನುತ್ತಾರೆ. ನಮ್ಮಲ್ಲಿ ಅದು ಕ್ರಯಪತ್ರಕ್ಕೆ ಬಿಟ್ಟರೆ ಕಾಣುವುದು ಅಪರೂಪ. ಅಲ್ಲಿ ಇಂಥ ಕಾಗದದಲ್ಲಿ ಏನೆಂದು ಬರೆಯುತ್ತೀರಿ? ಧಾರವಾಡದ ಕಡೆಯವರೂ ತಿಳಿಸಿ. ಮುಂದಿನ ತಿಂಗಳು ಪ್ರಿಂಟರಿಗೆ ದರಪಟ್ಟಿ ಕೇಳುವುದಿದೆ, ಆ ಕಾಗದ ಬರೆಯುವುದೂ ನಾನೇ.