ಮಗಳನ್ನ ನವೋದಯ ಪರೀಕ್ಷೆಗೆ ಕೂರಿಸ್ಬೇಕು, ಐದನೇ ಕ್ಲಾಸಿಗೆ ಕೋಚಿಂಗ್ ಹಾಸ್ಟೆಲ್‌ಗೆ ಹಾಕೋದಾ? ಅನುಭವ ಇದ್ದೋರು ಹೇಳಿ

ಅಡಿಕೆ ತೋಟದವ:
ಎಲ್ರಿಗೂ ನಮಸ್ಕಾರ. ಮಗಳು ಈಗ ನಾಲ್ಕನೇ ಕ್ಲಾಸ್, ಊರಿನ ಸರ್ಕಾರಿ ಶಾಲೆ, ಲೆಕ್ಕ ಅಂದ್ರೆ ಪ್ರಾಣ. ನವೋದಯದಲ್ಲಿ (ಕೇಂದ್ರ ಸರ್ಕಾರದ ಪುಕ್ಕಟೆ ವಸತಿ ಶಾಲೆ, ಆರನೇ ಕ್ಲಾಸಿಗೆ ಪರೀಕ್ಷೆ ಬರೆದು ಸೇರೋದು) ಸೀಟ್ ಸಿಕ್ರೆ ಸೈನ್ಸು ಮ್ಯಾಥ್ಸು ಚೆನ್ನಾಗಿ ಓದ್ತಾಳೆ ಅಂತ ಆಸೆ. ಟೌನಲ್ಲಿ ಒಂದು ಕೋಚಿಂಗ್ ಹಾಸ್ಟೆಲ್‌ನೋರು ಐದನೇ ಕ್ಲಾಸಿಗೆ ನಮ್ಮಲ್ಲೇ ಬಿಡಿ, ವರ್ಷಕ್ಕೆ 80 ಸಾವಿರ ಅಂತಿದಾರೆ. ಮನೆಯವಳಿಗೆ ಮಗೂನ ಬಿಟ್ಟಿರೋಕೆ ಮನಸ್ಸಿಲ್ಲ. ಏನ್ ಮಾಡೋದು?

ವಿಜಯಪುರ ಕಡೆಯವ:
ಸರ, ನಮ್ಮ ಕಥಿ ಹೇಳ್ತೀನಿ ಕೇಳ್ರಿ. ಹುಡುಗನ್ನ ನಾಕನೇತ್ತೆಕ್ಕ ಟೌನಿಗೆ ಹಾಕಿದ್ವಿ, ಫೀ 62 ಸಾವಿರ, ಟ್ರಂಕಿಗೆ 1,850, ಗಾದಿ ಹೊದಿಕಿ 2,400, ಟೆಸ್ಟ್ ಸೀರೀಸ್ ಅಂತ ಮತ್ತ 4 ಸಾವಿರ, ತಿಂಗಳಾ ನೋಡಾಕ ಹೋಗೂದು ಬರೂದು ಬಸ್ ಚಾರ್ಜ್ ಬ್ಯಾರೆ, ಒಂದು ಎಮ್ಮಿ ಮಾರಿದೆ ನಾನು. ಐದನೇತ್ತೆಕ್ಕೂ ಅಲ್ಲೇ ಇಟ್ವಿ, ಮತ್ತ 68 ಸಾವಿರ. ಅರ್ಜಿ ತುಂಬೂಮುಂದ ಗೊತ್ತಾತು, ಮೂರು ನಾಕು ಐದು ಮೂರೂ ವರ್ಷ ಹಳ್ಳಿ ಸಾಲ್ಯಾಗ ಪೂರ್ತಿ ಓದಿದ್ರ ಮಾತ್ರ ಗ್ರಾಮೀಣ ಅಂತ, ನಡುವ ಒಂದು ದಿನ ಪ್ಯಾಟಿ ಸಾಲ್ಯಾಗ ಇದ್ರೂ ನಗರದ ಲೆಕ್ಕ ಅಂತ. 80 ಸೀಟಿನ್ಯಾಗ ಕಡಿಮಿ ಅಂದ್ರೂ 60 ಹಳ್ಳಿ ಮಕ್ಕಳಿಗೆ ಹೋಗ್ತಾವು. ನಾವು ಹಳ್ಳ್ಯಾಗ ಹುಟ್ಟಿ ಹಳ್ಳ್ಯಾಗ ದುಡದು ರೊಕ್ಕ ಕೊಟ್ಟು ನಗರದವ್ರಾದ್ವಿ. ಕೋಚಿಂಗ್‌ನವ್ರು ಮೊದಲ ಒಂದು ಮಾತು ಹೇಳಲಿಲ್ಲ. ಪರೀಕ್ಷೆ ದಿನ ಓಎಂಆರ್ ಅಂದ್ರ ಉತ್ತರದ ಗೋಲ ತುಂಬೂ ಹಾಳ್ಯಾಗ ಒಂದು ಪ್ರಶ್ನಿ ಬಿಟ್ಟು ಮುಂದ ಹೋಗ್ಯಾನ, ಗೋಲ ಮಾತ್ರ ಸಾಲಾಗಿ ತುಂಬ್ಯಾನ, ಅಲ್ಲಿಂದ ಮುಂದ ಎಲ್ಲಾ ಒಂದೊಂದು ಮನಿ ಹಿಂದ. ಬಾಲ್ ಪೆನ್ನು, ಅಳಸಾಕ ಬರಂಗಿಲ್ಲ. ಹೊರಗ ಬಂದು ನನ್ನ ಅಂಗಿ ಹಿಡ್ಕೊಂಡು ಅತ್ತ.

ಮಂಡ್ಯದಮ್ಮ:
ನಮ್ ಮಗಳು ಕೋಚಿಂಗ್ ಮುಖಾನೇ ನೋಡ್ದೆ ಸೆಲೆಕ್ಟ್ ಆದ್ಲು, ನಾನು ಓದಿರೋದು ಬರೀ ಪಿಯುಸಿ. 80 ಪ್ರಶ್ನೇಲಿ 40 ಮಾನಸಿಕ ಸಾಮರ್ಥ್ಯ, ಅಂದ್ರೆ ಬರೀ ಚಿತ್ರ, ಅದಕ್ಕೇ 50 ಮಾರ್ಕ್ಸು. ಕಾಗದ ಮಡಚಿ ತೂತು ಮಾಡಿ ಬಿಚ್ಚಿದ್ರೆ ಹೆಂಗ್ ಕಾಣುತ್ತೆ ಅನ್ನೋದು ಮಾತ್ರ ಅವಳ ತಲೆಗೆ ಹೋಗ್ತಾನೇ ಇರ್ಲಿಲ್ಲ. ದಿನಾ ಸಂಜೆ ಹಳೇ ಪೇಪರ್ ಚೌಕಕ್ಕೆ ಕತ್ತರಿಸಿ, ನಾಲ್ಕು ಮಡಿಕೆ ಮಾಡಿ, ಊದುಬತ್ತಿ ತುದೀಲಿ ಸುಟ್ಟು ತೂತು ಮಾಡೋದು, ಬಿಚ್ಚೋಕೆ ಮುಂಚೆ ಅವಳು ಸ್ಲೇಟ್ ಮೇಲೆ ಚುಕ್ಕಿ ಇಡ್ಬೇಕು, ಆಮೇಲೆ ಬಿಚ್ಚಿ ನೋಡೋದು. ಮೂರು ವಾರಕ್ಕೆ ನನಗಿಂತ ಮುಂಚೆ ಹೇಳೋಳು. ಕನ್ನಡಿ ಪ್ರತಿಬಿಂಬಕ್ಕೆ ಬೀರು ಕನ್ನಡೀನೇ ಸಾಕಾಯ್ತು. ಖರ್ಚು ಅಂದ್ರೆ ಹಳೇ ಪ್ರಶ್ನೆಪತ್ರಿಕೆ ಪುಸ್ತಕ 320 ರೂಪಾಯಿ, ಅಷ್ಟೇಯ. ಅಪ್ಪ ಅಮ್ಮ ದಿನಾ ಒಂದು ಗಂಟೆ ಕೂತ್ರೆ ಆಗುತ್ತೆ, ಕೂರಕ್ಕೆ ಆಗ್ದೋರು ದುಡ್ಡು ಚೆಲ್ತಾರೆ.

ವಿಜಯಪುರ ಕಡೆಯವ:
ಮೇಡಂ, ಕೂಡಾಕ ಆಗದವ್ರು ಅಂದ್ರ ಯಾರ್ರಿ? ನಾನು ಓದಿದ್ದು ನಾಕನೇತ್ತೆ, ನಮ್ಮನಿಯಾಕಿಗೆ ಸಹಿ ಮಾಡಾಕ ಬರ್ತದ ಅಷ್ಟ. ಕಬ್ಬಿನ ಹಂಗಾಮಿನ್ಯಾಗ ರಾತ್ರಿ ಹನ್ನೊಂದಕ್ಕ ಮನಿಗೆ ಬರ್ತೀವಿ. ಯಾರು ಕೂತು ಕಾಗದ ಮಡಚಬೇಕು?

ಹಳೇ ನವೋದಯಿ:
ನಾನು 1999ರಲ್ಲಿ ಸೇರಿದ್ದು. ಎಲ್ರೂ ಸೀಟ್ ಬಗ್ಗೆ ಮಾತಾಡ್ತೀರ, ಸೀಟ್ ಸಿಕ್ಕಮೇಲಿನ ಕಥೆ ಯಾರೂ ಹೇಳಲ್ಲ. ಕನ್ನಡದಲ್ಲಿ ವಿಜ್ಞಾನ ಓದ್ತಿದ್ದೋರಿಗೆ ಎಂಟನೇ ಕ್ಲಾಸಲ್ಲಿ ಇದ್ದಕ್ಕಿದ್ದಂಗೆ ಇಂಗ್ಲಿಷ್ ಪುಸ್ತಕ. ದ್ಯುತಿಸಂಶ್ಲೇಷಣೆ ಅಂತ ಬಾಯಿಪಾಠ ಮಾಡಿದ್ದು ಒಂದೇ ರಾತ್ರಿಗೆ ಫೋಟೋಸಿಂಥೆಸಿಸ್ ಆಯ್ತು, ಮೊದಲ ಟೆಸ್ಟಲ್ಲಿ ವಿಜ್ಞಾನಕ್ಕೆ 25ಕ್ಕೆ 7 ಬಂತು ನನಗೆ. ಒಂಬತ್ತಕ್ಕೆ ಮೈಗ್ರೇಷನ್. ಕ್ಲಾಸಿನ ನೂರಕ್ಕೆ 30 ಮಕ್ಕಳು ಒಂದು ವರ್ಷ ಹಿಂದಿ ರಾಜ್ಯದ ನವೋದಯಕ್ಕೆ ಹೋಗ್ಬೇಕು, ಅಲ್ಲಿಯೋರು ಇಲ್ಲಿಗೆ. ನನ್ನ ಹೆಸರು ಬಂತು, ಮಧ್ಯಪ್ರದೇಶ. ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಇಟಾರ್ಸಿಲಿ ಇಳಿದಾಗ ಕನ್ನಡ ಮಾತಾಡೋರು ನಾವಷ್ಟೇ ಹುಡುಗ್ರು. ಮೂರು ತಿಂಗಳು ರೊಟ್ಟಿ ಗಂಟಲಲ್ಲಿ ಇಳೀಲಿಲ್ಲ, ಅಮ್ಮಂಗೆ ಇನ್‌ಲ್ಯಾಂಡ್ ಲೆಟರ್ ಬರೆದು ಹರಿದು ಹಾಕ್ತಿದ್ದೆ. ಆದ್ರೂ ಇವತ್ತು ನಾನೊಬ್ಬ ಎಂಜಿನಿಯರ್ ಆಗಿದೀನಿ ಅಂದ್ರೆ ಆ ಏಳು ವರ್ಷದಿಂದ್ಲೇ, ಅಪ್ಪ ನನ್ನ ಊಟಕ್ಕಾಗ್ಲಿ ಪುಸ್ತಕಕ್ಕಾಗ್ಲಿ ಒಂದು ರೂಪಾಯಿ ಕೊಟ್ಟಿಲ್ಲ.

ಆದರ್ಶ ಪೇರೆಂಟ್:
ಅದಕ್ಕೇ ನಾವು ಬಿಟ್ವಿ ಸರ್. ಮಗನಿಗೆ ನವೋದಯವೂ ಸಿಕ್ಕಿತ್ತು, ತಾಲೂಕಿನ ಆದರ್ಶ ವಿದ್ಯಾಲಯವೂ ಸಿಕ್ಕಿತ್ತು. ಆದರ್ಶದಲ್ಲೂ ಪರೀಕ್ಷೆ ಬರೆದೇ ಆರನೇ ಕ್ಲಾಸಿಗೆ ಸೇರಬೇಕು, ಇಂಗ್ಲಿಷ್ ಮೀಡಿಯಂ, ಸಂಜೆ ಮನೆಗೆ ಬರ್ತಾನೆ. ಹತ್ತು ವರ್ಷದ ಮಗೂನ ಹಾಸ್ಟೆಲ್‌ಗೆ ಬಿಟ್ಟು ಯಾವ ವಿಜ್ಞಾನಿ ಆಗ್ಬೇಕು? ನೆಂಟರೆಲ್ಲ ಸಿಕ್ಕ ಸೀಟ್ ಒದ್ದವರು ಅಂತ ಇವತ್ತಿಗೂ ಆಡ್ಕೊತಾರೆ. ಆಡ್ಕೊಳ್ಳಲಿ. ಅವನ ಜ್ವರಕ್ಕೆ ಹಣೆ ಮುಟ್ಟಿ ನೋಡಿದ್ದು ನಾನು.

ಮಂಡ್ಯದಮ್ಮ:
ಅಂದ್ರೆ ಹಾಸ್ಟೆಲ್‌ಗೆ ಬಿಟ್ಟ ತಾಯಂದ್ರಿಗೆ ಕರುಳಿಲ್ವಾ? ತಿಂಗಳಿಗೊಂದ್ ಭಾನುವಾರ ಡಬ್ಬಿ ಕಟ್ಕೊಂಡು ಮೂರು ಬಸ್ ಬದಲಾಯಿಸಿ ಹೋಗ್ತಿದ್ದೆ ನಾನು. ಮುದ್ದೆ ಆರೋಗುತ್ತೆ ಅಂತ ಬಾಳೆಲೇಲಿ ಸುತ್ತಿ ಟವೆಲ್ ಒಳಗಿಟ್ಕೊಂಡು. ನಿಮಗೆ ಗೊತ್ತಿಲ್ದಿದ್ ವಿಷಯ ಮಾತಾಡ್ಬೇಡಿ.

ಆದರ್ಶ ಪೇರೆಂಟ್:
ನಾನು ನಿಮ್ಮ ಬಗ್ಗೆ ಹೇಳಿದ್ದಲ್ಲ. ನೀವೇ ಮೊದ್ಲು ಆ ವಿಜಯಪುರದ ಅಣ್ಣಂಗೆ ಕೂರಕ್ಕೆ ಆಗ್ದೋರು ಅಂದಿದ್ದು, ಒಂದ್ಸಲ ಓದ್ಕೊಳಿ.

ಐದನೇ ಕ್ಲಾಸ್ ಮೇಷ್ಟ್ರು:
ಜಗಳ ಆಮೇಲೆ ಮಾಡಿ. ಈ ಕೋಚಿಂಗ್‌ನೋರು ಈಗ ಹೊಸ ದಾರಿ ಕಂಡುಕೊಂಡಿದಾರೆ, ಮಗುವಿನ ಹೆಸರು ಹಳ್ಳಿ ಶಾಲೆ ಹಾಜರಿ ಪುಸ್ತಕದಲ್ಲೇ ಇರಲಿ, ಮಗು ನಮ್ಮ ಹತ್ರ ಇರಲಿ ಅಂತ. ಕಳೆದ ವರ್ಷ ನನ್ನ ಹತ್ರ ಹಾಗೆ ಮೂರು ಜನ ಬಂದ್ರು, ಒಬ್ರು ಊರಿನ ಮುಖಂಡರನ್ನೂ ಕರ್ಕೊಂಡು ಬಂದ್ರು. ಸ್ಟಡಿ ಸರ್ಟಿಫಿಕೇಟ್ ಮೇಲೆ ಸಹಿ ಹಾಕೋದು ನಾವು, ಸೆಲೆಕ್ಟ್ ಆದಮೇಲೆ ದಾಖಲೆ ಪರಿಶೀಲನೆಲಿ ಸಿಕ್ಕಿಬಿದ್ರೆ ಮಗುವಿನ ಸೀಟೂ ಹೋಯ್ತು ನಮ್ಮ ನೌಕರಿಗೂ ಕುತ್ತು. ಈ ಪರೀಕ್ಷೆ ಜನ್ಮಕ್ಕೊಂದೇ ಸಲ, ಆರಕ್ಕೆ ಎರಡನೇ ಸಲ ಕೂರಿಸಲ್ಲ. ಆಮೇಲೆ ಒಂಬತ್ತಕ್ಕೆ ಖಾಲಿ ಬಿದ್ದ ಸೀಟಿಗಷ್ಟೇ ಪರೀಕ್ಷೆ, ಅಲ್ಲಿ ಗಣಿತ 35, ವಿಜ್ಞಾನ 35, ಜೊತೆಗೆ ಇಂಗ್ಲಿಷು 15, ಹಿಂದಿ 15.

ವಿಜಯಪುರ ಕಡೆಯವ:
ಮೇಷ್ಟ್ರ, ನಿಮ್ಮಂಥವ್ರು ಸಾಲ್ಯಾಗ ಲೆಕ್ಕ ಛಲೋ ಕಲಿಸಿದ್ರ ನಾವ್ಯಾಕ ಎಮ್ಮಿ ಮಾರ್ತಿದ್ವಿ?

ಐದನೇ ಕ್ಲಾಸ್ ಮೇಷ್ಟ್ರು:
ಒಂದರಿಂದ ಐದು ಕ್ಲಾಸಿಗೆ ಇಬ್ರೇ ಇದೀವಿ ಯಜಮಾನ್ರೇ, ಸರ್ವೇ, ಚುನಾವಣೆ, ಮೊಟ್ಟೆ ಲೆಕ್ಕ ಎಲ್ಲಾ ನಮ್ಮ ತಲೆ ಮೇಲೆ. ಆದ್ರೂ ಸಂಜೆ ನಾಲ್ಕೂವರೆ ಮೇಲೆ ಆರು ಮಕ್ಕಳಿಗೆ ಪುಕ್ಕಟೆ ಹೇಳ್ಕೊಟ್ಟೆ, ಇಬ್ರು ಸೆಲೆಕ್ಟ್ ಆದ್ರು. ನಿಮ್ಮ ಹುಡುಗಂಗೆ ಆದ ಅನ್ಯಾಯಕ್ಕೆ ನಂಗೂ ಹೊಟ್ಟೆ ಉರಿಯುತ್ತೆ, ಆದ್ರೆ ಅದನ್ನ ನನ್ನ ಮೇಲೆ ಹಾಕ್ಬೇಡಿ.

ಅಡಿಕೆ ತೋಟದವ:
ಮೇಷ್ಟ್ರೇ, ನೀವು ಹೇಳಿದ್ದು ಓದಿ ಕೈ ನಡುಗ್ತು. ನಮಗೂ ಅವ್ರು ಅದನ್ನೇ ಹೇಳಿದ್ದು, ಟಿಸಿ ತಗೋಬೇಡಿ, ಹೆಸರು ಊರಲ್ಲೇ ಇರಲಿ, ಹೆಡ್‌ಮಾಸ್ಟರನ್ನ ನಾವು ನೋಡ್ಕೊತೀವಿ ಅಂತ. ನಾಳೆ 10 ಸಾವಿರ ಅಡ್ವಾನ್ಸ್ ಕೊಡೋದಿತ್ತು, ಕೊಡಲ್ಲ. ಮಂಡ್ಯದ ಅಕ್ಕ, ಆ ಹಳೇ ಪ್ರಶ್ನೆಪತ್ರಿಕೆ ಪುಸ್ತಕ ಎಲ್ಲಿ ಸಿಗುತ್ತೆ?

ಮಂಡ್ಯದಮ್ಮ:
ಬಸ್‌ಸ್ಟ್ಯಾಂಡ್ ಪುಸ್ತಕದಂಗಡೀಲೇ ಸಿಗುತ್ತಪ್ಪ, 80 ಪ್ರಶ್ನೆ ಮಾದರಿದೇ ಕೇಳಿ ತಗೊಳಿ, ಮುಂಚಿನ 100 ಪ್ರಶ್ನೇದು ಇನ್ನೂ ಮಾರ್ತಾರೆ. ವಿಜಯಪುರದ ಅಣ್ಣ, ಅವತ್ತಿನ ಮಾತು ದುಡುಕಿ ಅಂದೆ, ಮನಸ್ಸಲ್ಲಿ ಇಟ್ಕೋಬೇಡಿ.

ವಿಜಯಪುರ ಕಡೆಯವ:
ಇರ್ಲಿ ಬಿಡ್ರಿ ಅಕ್ಕಾರ. ಅಡಿಕಿ ಸರ, ನೀವು ಖರೀದಿ ಮಾಡಬ್ಯಾಡ್ರಿ. ನಮ್ಮನ್ಯಾಗ ಮೂರು ಪುಸ್ತಕ ಹಂಗ ಬಿದ್ದಾವು, ಬಸ್ಸಿನ್ಯಾಗ ಪಾರ್ಸಲ್ ಹಾಕ್ತೀನಿ, ಊರಿನ ಹೆಸರು ಕಳಸ್ರಿ. ಒಂದರಾಗ ಹುಡುಗ ಪೆನ್ಸಿಲ್‌ಲೆ ಉತ್ತರ ಬರದಾನ, ಕೂಸಿಗೆ ಕೊಡೂಕಿಂತ ಮೊದಲ ಅಳಿಸ್ಕೋರಿ.