‘ವಜಾ’ ಎಂದರೆ ಕಳೆಯುವುದೋ, ಕೆಲಸದಿಂದ ತೆಗೆಯುವುದೋ?

ಪ್ರಶ್ನೆ (ರಾಯಚೂರು):
ನಾನು ಇಲ್ಲಿನ ಹತ್ತಿ ಜಿನ್ನಿಂಗ್ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಸಂಬಳದ ಚೀಟಿಯಲ್ಲಿ ‘ಮುಂಗಡ ವಜಾ ರೂ. 500’ ಎಂದಿದ್ದುದನ್ನು ಓದಿದ ಹೊಸ ಕಾರ್ಮಿಕರೊಬ್ಬರು, ತಮ್ಮನ್ನೇ ವಜಾ ಮಾಡಿದ್ದಾರೆಂದು ಗಾಬರಿಯಾದರು. ಪತ್ರಿಕೆಗಳಲ್ಲಿ ‘ಅರ್ಜಿ ವಜಾ’ ಎಂದೂ ಬರುತ್ತದೆ. ಇವೆಲ್ಲ ಒಂದೇ ಪದವೇ? ಚೀಟಿಯಲ್ಲಿ ‘ಕಡಿತ’ ಎಂದು ಬರೆಯಬಹುದೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಮಾನ್ವಿ):
ಒಂದೇ ಪದ. ಅರಬ್ಬಿ ಮೂಲದ ಈ ಪದಕ್ಕೆ ಉರ್ದು ಲೆಕ್ಕದಲ್ಲಿ ಕಳೆಯುವುದು ಎಂದೇ ಅರ್ಥ. ಮರಾಠಿ ಶಾಲೆಗಳಲ್ಲಿ ಇಂದಿಗೂ ವ್ಯವಕಲನವನ್ನು ‘ವಜಾಬಾಕಿ’ ಎನ್ನುತ್ತಾರೆ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ನಮ್ಮ ಜಿಲ್ಲೆಯಲ್ಲಿ ಕಚೇರಿಯ ಭಾಷೆ ಉರ್ದುವೇ ಆಗಿತ್ತು. ಗಂಜಿನ (ಕೃಷಿ ಮಾರುಕಟ್ಟೆಯ) ದಲಾಲಿ ಅಂಗಡಿಯಲ್ಲಿ ಚೀಲದ ತೂಕ, ಹಮಾಲಿ ಎಲ್ಲವನ್ನೂ ವಜಾ ಮಾಡಿ ಉಳಿದ ಹಣವನ್ನು ರೈತರ ಕೈಗಿಡುವಾಗ ಯಾರೂ ಗಾಬರಿಯಾಗುವುದಿಲ್ಲ. ಹಳೆಯ ಪದವನ್ನು ಬಿಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ಉತ್ತರ (ಗಂಗಾವತಿ):
ಗಂಜಿನವರಿಗೆ ಅದು ಸರಿ, ಆದರೆ ಚೀಟಿ ಓದುವವರು ಕಾರ್ಮಿಕರು. ವಿದ್ಯುತ್ ಕಡಿತ, ವೇತನ ಕಡಿತ ಎಲ್ಲರಿಗೂ ಗೊತ್ತಿರುವುದರಿಂದ ‘ಕಡಿತ’ವೇ ಮೇಲು. ‘ಕಡಿ’ಗೆ ಅರ್ಥಗಳು ಹಲವಿವೆ, ನಿಜ: ಕಬ್ಬು ಕಡಿಯುತ್ತೇವೆ, ಮೊಸರು ಕಡಿಯುತ್ತೇವೆ, ನಾಯಿ ಕಡಿಯುತ್ತದೆ, ಬೆವರುಸಾಲೆಯಾದರೆ ಮೈಯೆಲ್ಲ ಕಡಿಯುತ್ತದೆ. ಆದರೂ ಮನುಷ್ಯನನ್ನು ಕೆಲಸದಿಂದ ‘ಕಡಿದರು’ ಎಂದು ಯಾರೂ ಹೇಳುವುದಿಲ್ಲ, ಹಾಗಾಗಿ ಗೊಂದಲವಿಲ್ಲ.

ನಿಜವಾದ ತೊಡಕಿರುವುದು ‘ಬಿಡಿಸು’ ಎಂಬಲ್ಲಿ. ಹೊಲದಲ್ಲಿ ಹತ್ತಿ ಬಿಡಿಸುತ್ತೇವೆ, ಜಗಳ ಬಿಡಿಸುತ್ತೇವೆ, ಲೆಕ್ಕವನ್ನೂ ಬಿಡಿಸುತ್ತೇವೆ. ಆದರೆ ‘ಹುಡುಗನನ್ನು ಕೆಲಸ ಬಿಡಿಸಿದರು’ ಎಂದಾಗ ಮಾಲೀಕರು ಹೊರಗೆ ಹಾಕಿದರೋ, ಓದಲಿ ಎಂದು ಮನೆಯವರೇ ಕರೆದೊಯ್ದರೋ ಎಂಬುದು ಹೇಳಿದವರನ್ನು ಕೇಳದೆ ತಿಳಿಯುವುದಿಲ್ಲ. ನೋಟಿಸಿನಲ್ಲಿ ಈ ಪದವನ್ನು ಬಳಸಲೇಬಾರದು.

ಉತ್ತರ (ಕೊಪ್ಪಳ):
ಸರ್ಕಾರಿ ನೌಕರಿಯಲ್ಲಿ ಈ ಭೇದಕ್ಕೆ ಇನ್ನೂ ಹೆಚ್ಚಿನ ತೂಕವಿದೆ. ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು, 1957ರಲ್ಲಿ ಸೇವೆಯಿಂದ ತೆಗೆದುಹಾಕುವುದು ಮತ್ತು ವಜಾ ಮಾಡುವುದು ಬೇರೆ ಬೇರೆ ದಂಡನೆಗಳು. ಮೊದಲನೆಯದರಿಂದ ಮುಂದಿನ ನೇಮಕಾತಿಗೆ ಅನರ್ಹತೆ ಉಂಟಾಗುವುದಿಲ್ಲ, ಎರಡನೆಯದರಿಂದ ಸಾಮಾನ್ಯವಾಗಿ ಉಂಟಾಗುತ್ತದೆ. ಎರಡಕ್ಕೂ ‘ವಜಾ’ ಎಂದೇ ತಲೆಬರಹ ಕೊಡುವ ಪತ್ರಿಕೆಗಳು ಇದನ್ನು ಗಮನಿಸಿದರೆ ಒಳ್ಳೆಯದು. ನಿಮ್ಮ ಚೀಟಿಗೆ ‘ಮುಂಗಡದ ಬಾಬ್ತು ಕಡಿತ’ ಎಂದರೆ ಸಾಕು.